ಮನೆ ಮುಂದೆ ನಿಂತ ಕಾರಿನ ಎಂಜಿನ್‌ಗೆ ಬೆಂಕಿ ಬಿದ್ದರೆ ಏನು ಮಾಡಬೇಕು? ಬಾನೆಟ್ ಎತ್ತುವ ಮುನ್ನ ಇದು ತಿಳಿದಿರಲಿ

ಬೆಳಗಿನ ಎಂಟು ಗಂಟೆ. ಮಗುವನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವ ಧಾವಂತ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ ಕಾರು ಸ್ಟಾರ್ಟ್ ಮಾಡಿ ಅರ್ಧ ನಿಮಿಷವೂ ಆಗಿಲ್ಲ, ಬಾನೆಟ್ಟಿನ ಅಂಚಿನಿಂದ ಬೂದು ಹೊಗೆ ಏಳುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರಿಗೆ ತೋಚುವುದು ಎರಡೇ ಕೆಲಸ. ಓಡಿಹೋಗಿ ಬಾನೆಟ್ ಎತ್ತುವುದು, ಇಲ್ಲವೇ ಬಕೆಟ್ಟಿನಲ್ಲಿ ನೀರು ತಂದು ಸುರಿಯುವುದು. ದುರದೃಷ್ಟವೆಂದರೆ, ಈ ಎರಡೂ ಕೆಲಸಗಳು ಬೆಂಕಿಯನ್ನು ಆರಿಸುವ ಬದಲು ಹೆಚ್ಚಿಸಬಲ್ಲವು.

ರಸ್ತೆಯಲ್ಲಿ ಕಾರು ಹೊತ್ತಿಕೊಂಡರೆ ಇಳಿದು ದೂರ ಓಡಬಹುದು. ಮನೆಯಲ್ಲಿ ಹಾಗಲ್ಲ. ಕಾರಿನ ಪಕ್ಕದಲ್ಲೇ ಗೋಡೆ, ತಲೆಯ ಮೇಲೆ ಮಲಗುವ ಕೋಣೆ, ಎರಡಡಿ ದೂರದಲ್ಲಿ ನೆರೆಯವರ ಕಾರು, ಹಿಂದೆ ವಿದ್ಯುತ್ ಮೀಟರ್ ಬೋರ್ಡು. ಹಾಗಾಗಿ ಮೊದಲ ಎರಡು-ಮೂರು ನಿಮಿಷಗಳಲ್ಲಿ ಏನು ಮಾಡುತ್ತೇವೆ, ಏನು ಮಾಡದೆ ಬಿಡುತ್ತೇವೆ ಎಂಬುದೇ ಮುಖ್ಯ.

ಬಾನೆಟ್ ಕೆಳಗೆ ಬೆಂಕಿ ಹುಟ್ಟುವುದು ಹೇಗೆ?

ಬೆಂಕಿಗೆ ಬೇಕಾದದ್ದು ಉರಿಯುವ ವಸ್ತು, ಶಾಖ ಮತ್ತು ಗಾಳಿ. ಬಾನೆಟ್ ಕೆಳಗೆ ಮೂರೂ ಒಂದೇ ಕಡೆ ಇರುತ್ತವೆ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ರಬ್ಬರ್ ಪೈಪು, ಪ್ಲಾಸ್ಟಿಕ್ ಕವಚ ಎಲ್ಲವೂ ಉರಿಯುವಂಥವು. ಪೆಟ್ರೋಲಂತೂ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಇನ್ನು ಶಾಖದ ವಿಚಾರ. ಎಂಜಿನ್‌ನಿಂದ ಸುಟ್ಟ ಅನಿಲ ಹೊರಹೋಗುವ ಎಕ್ಸಾಸ್ಟ್ ಭಾಗ ನೂರಾರು ಡಿಗ್ರಿ ಕಾಯುತ್ತದೆ. ಬಿರುಕು ಬಿಟ್ಟ ಪೈಪಿನಿಂದ ಜಿನುಗಿದ ಆಯಿಲ್ ಇದರ ಮೇಲೆ ಬಿದ್ದರೆ ಕಿಡಿಯೇ ಬೇಕಿಲ್ಲ.

ಎರಡನೇ ದೊಡ್ಡ ಕಾರಣ ವಿದ್ಯುತ್ ಶಾರ್ಟ್ ಸರ್ಕ್ಯೂಟ್. ಕಾರು ಆಫ್ ಆಗಿದ್ದರೂ ಬ್ಯಾಟರಿಯಿಂದ ಕೆಲವು ವೈರುಗಳಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಗಡಿಯಾರ, ಅಲಾರಂ, ಸೆಂಟ್ರಲ್ ಲಾಕ್ ಇವೆಲ್ಲ ಕೆಲಸ ಮಾಡುವುದು ಅದರಿಂದಲೇ. ಹಾಗಾಗಿ ರಾತ್ರಿಯಿಡೀ ನಿಂತ ಕಾರಿಗೂ ಬೆಂಕಿ ಬೀಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಸುಮಾರು 34 ಲಕ್ಷ ವಾಹನಗಳನ್ನು ಹಿಂಪಡೆದಿದ್ದು ಇಂಥದ್ದೇ ಕಾರಣಕ್ಕೆ. ಬ್ರೇಕ್ ವ್ಯವಸ್ಥೆಯ ಒಂದು ಘಟಕದಲ್ಲಿ ದ್ರವ ಸೋರಿ ಶಾರ್ಟ್ ಆಗುವ ಅಪಾಯವಿತ್ತು. ದುರಸ್ತಿಯಾಗುವವರೆಗೆ ಕಾರನ್ನು ಮನೆಯಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಎಂದು ಮಾಲೀಕರಿಗೆ ಸೂಚಿಸಲಾಗಿತ್ತು.

ಆವಿಯೋ, ಹೊಗೆಯೋ?

ಬಾನೆಟ್ಟಿನಿಂದ ಬಿಳಿಯಾಗಿ ಏನಾದರೂ ಬಂದ ಮಾತ್ರಕ್ಕೆ ಅದು ಬೆಂಕಿಯೇ ಆಗಿರಬೇಕಿಲ್ಲ. ಕೂಲಂಟ್ ಕುದಿದಾಗ ಬರುವ ಆವಿ ಬೆಳ್ಳಗಿರುತ್ತದೆ, ಬೇಗ ಗಾಳಿಯಲ್ಲಿ ಕರಗುತ್ತದೆ, ಸ್ವಲ್ಪ ಸಿಹಿ ವಾಸನೆ ಇರುತ್ತದೆ. ಹೊಗೆಯಾದರೆ ಬೂದು ಅಥವಾ ಕಪ್ಪಾಗಿದ್ದು, ದಟ್ಟವಾಗಿ ಸುತ್ತಿಕೊಂಡು ನಿಲ್ಲುತ್ತದೆ, ಸುಟ್ಟ ರಬ್ಬರ್ ಅಥವಾ ವೈರಿನ ವಾಸನೆ ಬರುತ್ತದೆ. ಯಾವುದೆಂದು ಗೊತ್ತಾಗದಿದ್ದರೆ ಬೆಂಕಿ ಎಂದೇ ತಿಳಿದು ನಡೆದುಕೊಳ್ಳುವುದು ಒಳ್ಳೆಯದು. ಆವಿಯೇ ಆಗಿದ್ದರೂ ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಮೊದಲ ನಿಮಿಷ: ಈ ಕ್ರಮದಲ್ಲೇ ಮಾಡಿ

1. ಎಂಜಿನ್ ಆಫ್ ಮಾಡಿ. ಇದು ಅತಿ ಮುಖ್ಯ. ಇಗ್ನಿಷನ್ ಆನ್ ಇರುವಷ್ಟು ಹೊತ್ತೂ ಟ್ಯಾಂಕಿನೊಳಗಿನ ಪಂಪು ಒತ್ತಡದಲ್ಲಿ ಇಂಧನವನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಪೈಪು ಸೋರುತ್ತಿದ್ದರೆ ಬೆಂಕಿಗೆ ಉಣ್ಣಿಸಿದಂತೆ.

2. ಎಲ್ಲರನ್ನೂ ಇಳಿಸಿ. ಹಿಂದಿನ ಸೀಟಿನ ಮಕ್ಕಳು ಮೊದಲು. ಶಾರ್ಟ್ ಸರ್ಕ್ಯೂಟ್ ಆದಾಗ ಸೆಂಟ್ರಲ್ ಲಾಕ್ ಮತ್ತು ಪವರ್ ವಿಂಡೋ ಕೈಕೊಡಬಹುದು. ಬಾಗಿಲನ್ನು ಒಳಗಿನ ಹಿಡಿಯಿಂದ ತೆರೆಯಿರಿ. ಆಗದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆದು ಒಡೆಯಿರಿ, ಮಧ್ಯಕ್ಕಲ್ಲ. ಮುಂದಿನ ವಿಂಡ್‌ಶೀಲ್ಡ್ ಒಡೆಯಲು ಹೋಗಬೇಡಿ, ಅದು ಎರಡು ಪದರದ ಗಾಜು.

3. ಲ್ಯಾಪ್‌ಟಾಪ್, ಬ್ಯಾಗು, ಕಾಗದಪತ್ರಕ್ಕಾಗಿ ಹಿಂತಿರುಗಬೇಡಿ. ಬಾಗಿಲನ್ನು ಲಾಕ್ ಮಾಡಬೇಡಿ.

4. ಕೂಗಿ ಎಲ್ಲರನ್ನೂ ಎಚ್ಚರಿಸಿ. ಅಪಾರ್ಟ್‌ಮೆಂಟ್ ಆದರೆ ಫೈರ್ ಅಲಾರಂ ಒತ್ತಿ, ವಾಚ್‌ಮನ್‌ಗೆ ಹೇಳಿ.

5. 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಬೆಂಕಿ ಚಿಕ್ಕದು, ನಾವೇ ಆರಿಸಬಹುದು ಅನ್ನಿಸಿದರೂ ಮೊದಲು ಕರೆ, ಆಮೇಲೆ ಪ್ರಯತ್ನ. ಆರಿದ ಮೇಲೆ ಬೇಡ ಎಂದು ಹೇಳುವುದು ಸುಲಭ.

ಕರೆ ಮಾಡಿದಾಗ ವಿಳಾಸ, ಹತ್ತಿರದ ಗುರುತು, ಕಾರು ಬಯಲಲ್ಲಿದೆಯೋ ಬೇಸ್‌ಮೆಂಟಿನಲ್ಲಿದೆಯೋ, ಪೆಟ್ರೋಲೋ ಡೀಸೆಲೋ ಸಿಎನ್‌ಜಿಯೋ ಎಲೆಕ್ಟ್ರಿಕ್ಕೋ ಎಂಬುದನ್ನು ಹೇಳಿ. ಹೊರ ರಾಜ್ಯಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇಲ್ಲೊಂದು ತೊಡಕಿದೆ. ಊರಿಂದ ಬಂದು ಜತೆಗಿರುವ ತಂದೆ-ತಾಯಿಗೆ ಮನೆಯ ವಿಳಾಸವನ್ನು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿ ಹೇಳಲು ಬರುವುದಿಲ್ಲ. ‘ನಮ್ಮ ಮನೆಯಲ್ಲಿ ಬೆಂಕಿ ಬಿದ್ದಿದೆ, ವಿಳಾಸ ಇದು’ ಎಂಬ ಒಂದೆರಡು ವಾಕ್ಯಗಳನ್ನು ಆಯಾ ಊರಿನ ಭಾಷೆಯಲ್ಲಿ, ಆದರೆ ಕನ್ನಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಡಿ. ಹತ್ತು ನಿಮಿಷದ ಕೆಲಸ, ಎಂದಾದರೂ ಜೀವ ಉಳಿಸೀತು.

ಬಾನೆಟ್ ಏಕೆ ಎತ್ತಬಾರದು?

ಮುಚ್ಚಿದ ಬಾನೆಟ್ ಕೆಳಗೆ ಬೆಂಕಿಗೆ ಸಿಗುವ ಗಾಳಿ ಕಡಿಮೆ. ಅದು ಉಸಿರುಗಟ್ಟಿದ ಸ್ಥಿತಿಯಲ್ಲಿ ಹೊಗೆಯಾಡುತ್ತಿರುತ್ತದೆ. ಬಾನೆಟ್ ಪೂರ್ತಿ ಎತ್ತಿದ ಕ್ಷಣ ಗಾಳಿ ನುಗ್ಗಿ, ಜ್ವಾಲೆ ಒಮ್ಮೆಗೇ ಮೇಲಕ್ಕೆದ್ದು ಎದುರು ನಿಂತವರ ಮುಖ, ಕೈ ಸುಡುತ್ತದೆ. ಒಲೆಯಲ್ಲಿ ಹೊಗೆಯಾಡುವ ಸೌದೆಗೆ ಊದುಕೊಳವೆಯಿಂದ ಊದಿದರೆ ಭಗ್ಗನೆ ಹೊತ್ತಿಕೊಳ್ಳುತ್ತದಲ್ಲ, ಇದೂ ಹಾಗೆಯೇ.

ಕೈಯಲ್ಲಿ ಅಗ್ನಿಶಾಮಕ ಸಾಧನ ಇದ್ದು, ಬೆಂಕಿ ಇನ್ನೂ ಎಂಜಿನ್ ಭಾಗದಲ್ಲೇ ಇದ್ದರೆ ಕಾರಿನಿಂದ ಇಳಿಯುವಾಗಲೇ ಒಳಗಿನ ಬಾನೆಟ್ ಲಿವರ್ ಎಳೆದುಬಿಡಬಹುದು. ಆಗ ಬಾನೆಟ್ ಒಂದೆರಡು ಇಂಚು ಸಡಿಲವಾಗುತ್ತದೆ, ಪೂರ್ತಿ ತೆರೆಯುವುದಿಲ್ಲ. ಆ ಸಂದಿಯಿಂದ ಅಥವಾ ಮುಂದಿನ ಗ್ರಿಲ್ ಮೂಲಕ ಒಳಕ್ಕೆ ಪುಡಿ ಹಾಯಿಸಬೇಕು. ಲಿವರ್ ಎಳೆಯಲೆಂದು ಹೊಗೆ ತುಂಬಿದ ಕಾರಿನೊಳಗೆ ಮತ್ತೆ ಕೈ ಹಾಕಬೇಡಿ. ಬಾನೆಟ್ ಅಂಚನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆ ತಗಡು ಕಾದಿರುತ್ತದೆ.

ನೀರು ಏಕೆ ಬೇಡ?

ಪೆಟ್ರೋಲ್ ಮತ್ತು ಆಯಿಲ್ ನೀರಿಗಿಂತ ಹಗುರ. ಬಕೆಟ್ ನೀರು ಸುರಿದರೆ ಉರಿಯುವ ಇಂಧನ ನೀರಿನ ಮೇಲೆ ತೇಲಿಕೊಂಡು ಹರಿಯುತ್ತದೆ. ಪಾರ್ಕಿಂಗ್ ನೆಲದ ಇಳಿಜಾರು ಎತ್ತ ಇದೆಯೋ ಬೆಂಕಿಯೂ ಅತ್ತ ಹೋಗುತ್ತದೆ, ಪಕ್ಕದ ಕಾರಿನ ಅಡಿಗೆ ಅಥವಾ ಮನೆಯ ಹೊಸ್ತಿಲಿಗೆ. ಅಗ್ನಿಶಾಮಕ ದಳದವರು ನೀರು ಬಳಸುತ್ತಾರಲ್ಲ ಎಂದು ಕೇಳಬಹುದು. ಅವರ ಬಳಿ ಸಾವಿರಾರು ಲೀಟರ್ ನೀರು, ಒತ್ತಡದ ಪೈಪು, ನೊರೆ ದ್ರಾವಣ ಮತ್ತು ಉಸಿರಾಟದ ಉಪಕರಣ ಇರುತ್ತವೆ. ಒಂದು ಬಕೆಟ್ ನೀರಿಗೂ ಅದಕ್ಕೂ ಹೋಲಿಕೆ ಇಲ್ಲ. ಬೇರೇನೂ ಇಲ್ಲದಿದ್ದರೆ, ನೆಲಕ್ಕೆ ಸೋರಿ ಉರಿಯುವ ಇಂಧನದ ಮೇಲೆ ಒಣ ಮರಳು ಹಾಕಬಹುದು.

ಅಗ್ನಿಶಾಮಕ ಸಾಧನ ಬಳಸುವ ರೀತಿ

ಕಾರು ಮತ್ತು ಮನೆಗೆ ಹೊಂದುವುದು ಎಬಿಸಿ ಮಾದರಿಯ ಒಣ ಪುಡಿಯ ಸಾಧನ. ಘನ ವಸ್ತು, ದ್ರವ ಇಂಧನ, ಅನಿಲ ಮೂರರ ಬೆಂಕಿಗೂ ಅದು ಆಗುತ್ತದೆ, ವಿದ್ಯುತ್ ಇದ್ದಲ್ಲೂ ಬಳಸಬಹುದು. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 15683 ಎಂಬ ಸಂಖ್ಯೆ ಇದೆಯೇ ನೋಡಿ.

ಬಳಕೆಗೆ ನಾಲ್ಕು ಹಂತ. ಪಿನ್ ಎಳೆಯಿರಿ. ಮೂತಿಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಿ. ಹಿಡಿ ಒತ್ತಿ. ಎಡದಿಂದ ಬಲಕ್ಕೆ ಪೊರಕೆ ಆಡಿಸಿದಂತೆ ಆಡಿಸಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ, ಆರರಿಂದ ಎಂಟು ಅಡಿ ದೂರದಲ್ಲಿ, ಕಾರಿನ ಮೂಲೆಯ ಓರೆಗೆ ನಿಲ್ಲಿ. ನೇರ ಮುಂದೆ ಅಥವಾ ಹಿಂದೆ ನಿಲ್ಲಬೇಡಿ. ಬಾನೆಟ್ ಮತ್ತು ಡಿಕ್ಕಿಯನ್ನು ಎತ್ತಿ ಹಿಡಿಯುವ ಅನಿಲ ತುಂಬಿದ ಕೊಳವೆಗಳು ಬಿಸಿಗೆ ಸಿಡಿದು ಬಾಣದಂತೆ ಹಾರುವುದುಂಟು.

ನೆನಪಿರಲಿ, ಒಂದು ಕೆ.ಜಿ.ಯ ಚಿಕ್ಕ ಸಾಧನ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಬೆಂಕಿ ಹತೋಟಿಗೆ ಬಂದಿಲ್ಲ ಎಂದರೆ ಅದು ನಿಮ್ಮ ಕೈ ಮೀರಿದೆ ಎಂದರ್ಥ. ಜ್ವಾಲೆ ಡ್ಯಾಶ್‌ಬೋರ್ಡ್ ದಾಟಿ ಸೀಟಿನ ಕಡೆ ಬಂದಿದ್ದರೆ, ಕಾರಿನಡಿ ಇಂಧನ ಸೋರುತ್ತಿದ್ದರೆ, ಟೈರು ಹೊತ್ತಿದ್ದರೆ ಪ್ರಯತ್ನವನ್ನೇ ಮಾಡಬೇಡಿ. ಕನಿಷ್ಠ 100 ಅಡಿ ದೂರ ಹೋಗಿ, ಇತರರನ್ನೂ ದೂರ ಕಳಿಸಿ. ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತ ನಿಂತವರಿಗೂ ಇದೇ ಮಾತು.

ಕಾರಿಗಿಂತ ಹೊಗೆಯೇ ಅಪಾಯ

ಮನೆಗೆ ಅಂಟಿಕೊಂಡ ಪೋರ್ಟಿಕೊದಲ್ಲಿ ಕಾರು ಉರಿಯುತ್ತಿದ್ದರೆ ಒಳಗಿರುವವರನ್ನು ಹಿತ್ತಿಲ ಬಾಗಿಲಿನಿಂದ ಹೊರಗೆ ಕಳಿಸಿ. ಕಾರಿನ ಕಡೆಯ ಕಿಟಕಿ, ಬಾಗಿಲು ಮುಚ್ಚಿ. ದಾರಿಯಲ್ಲೇ ಸಿಗುವಂತಿದ್ದರೆ ಅಡುಗೆ ಅನಿಲದ ರೆಗ್ಯುಲೇಟರ್ ಮತ್ತು ಮೇನ್ ಸ್ವಿಚ್ ಆಫ್ ಮಾಡಿ. ಅದಕ್ಕಾಗಿಯೇ ಹೊಗೆಯೊಳಗೆ ಹೋಗಬೇಡಿ.

ಕಾರಿನಲ್ಲಿ ಪ್ಲಾಸ್ಟಿಕ್, ಫೋಮ್, ರಬ್ಬರ್ ತುಂಬಿರುತ್ತದೆ. ಇವು ಸುಟ್ಟಾಗ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲ ಬರುತ್ತವೆ. ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲು ಪಾರ್ಕಿಂಗ್‌ಗೇ ಬಂದು ಸೇರುವುದರಿಂದ ಹೊಗೆ ಚಿಮಣಿಯಲ್ಲಿ ಏರಿದಂತೆ ಮೇಲಕ್ಕೇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಕಟ್ಟಡವೊಂದರ ಕೆಳಭಾಗದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಲ್ಲಿ ಬೆಂಕಿ ಬಿದ್ದಾಗ, ಹೊಗೆ ಮೇಲಿನ ವಸತಿಗೃಹಕ್ಕೆ ನುಗ್ಗಿ 8 ಮಂದಿ ಪ್ರಾಣ ಕಳೆದುಕೊಂಡರು. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಕೆಳಗಿಳಿಯುವ ಸಾಹಸ ಬೇಡ. ಫ್ಲ್ಯಾಟಿನ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಬಾಲ್ಕನಿಯಿಂದ ಸಹಾಯಕ್ಕೆ ಕೂಗಿ. ಲಿಫ್ಟ್ ಬಳಸಬೇಡಿ.

ಒಂದು ಕಾರಿನ ಬೆಂಕಿ ಅಲ್ಲಿಗೇ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ. 2017ರ ಡಿಸೆಂಬರ್ 31ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನ ಬಹುಮಹಡಿ ಪಾರ್ಕಿಂಗ್‌ನಲ್ಲಿ ಒಂದೇ ಕಾರಿನಿಂದ ಶುರುವಾದ ಬೆಂಕಿ ಸುಮಾರು 1,400 ವಾಹನಗಳನ್ನು ಸುಟ್ಟಿತು. ಬೆಂಗಳೂರಿಗೂ ಇಂಥ ನೆನಪಿದೆ. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ಪಾರ್ಕಿಂಗ್ ಬಯಲಿನಲ್ಲಿ ಒಣಹುಲ್ಲಿಗೆ ತಗುಲಿದ ಬೆಂಕಿ ಗಾಳಿಯ ಜತೆ ಸಾಗಿ ಸುಮಾರು 300 ಕಾರುಗಳನ್ನು ಬೂದಿ ಮಾಡಿತ್ತು.

ಸಿಎನ್‌ಜಿ ಮತ್ತು ಎಲೆಕ್ಟ್ರಿಕ್ ಕಾರಾದರೆ?

ಮುಂಬೈ, ಪುಣೆ, ದೆಹಲಿಯಲ್ಲಿ ಸಿಎನ್‌ಜಿ ಕಾರುಗಳು ಹೆಚ್ಚು. ಈ ಅನಿಲ ಗಾಳಿಗಿಂತ ಹಗುರವಾದ್ದರಿಂದ ಬಯಲಿನಲ್ಲಿ ಸೋರಿದರೆ ಮೇಲೇರಿ ಚದುರುತ್ತದೆ, ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಚಾವಣಿಯಡಿ ಸಂಗ್ರಹವಾಗುತ್ತದೆ. ಅನಿಲದ ವಾಸನೆ ಬಂದರೆ ಕಾರು ಸ್ಟಾರ್ಟ್ ಮಾಡಬೇಡಿ, ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ, ಬಾಗಿಲು ತೆರೆದಿಟ್ಟು ಹೊರಬನ್ನಿ. ಸಿಲಿಂಡರ್‌ನಲ್ಲಿ 200 ಬಾರ್‌ನಷ್ಟು ಒತ್ತಡ ಇರುತ್ತದೆ. ಬೆಂಕಿ ಹೊತ್ತಿದ ಸಿಎನ್‌ಜಿ ಕಾರಿನ ಹಿಂಭಾಗದ ಹತ್ತಿರ ಯಾರೂ ನಿಲ್ಲಬಾರದು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಕಡ್ಡಾಯ.

ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೆ ಬೆಂಕಿ ಬಿದ್ದರೆ ಒಂದು ಸೆಲ್ಲಿನ ಶಾಖ ಪಕ್ಕದ ಸೆಲ್ಲನ್ನು ಹೊತ್ತಿಸುತ್ತ ಹೋಗುತ್ತದೆ. ಪುಡಿಯ ಸಾಧನಕ್ಕೆ ಅದು ಬಗ್ಗುವುದಿಲ್ಲ. ಆರಿತು ಎಂದುಕೊಂಡ ಮೇಲೆ ಗಂಟೆಗಳ ನಂತರವೂ ಮತ್ತೆ ಹೊತ್ತಬಹುದು. ಸುರಕ್ಷಿತವಾಗಿ ಸಾಧ್ಯವಿದ್ದರೆ ಚಾರ್ಜರಿನ ಮೇನ್ ಸ್ವಿಚ್ ಆಫ್ ಮಾಡಿ, ದೂರ ಹೋಗಿ, ಉಳಿದದ್ದನ್ನು ಅಗ್ನಿಶಾಮಕ ದಳಕ್ಕೆ ಬಿಡಿ.

ಸುಟ್ಟ ಗಾಯಕ್ಕೆ ಮೊದಲ ಆರೈಕೆ

ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನಿಂತು, ನೆಲಕ್ಕೆ ಮಲಗಿ ಉರುಳಬೇಕು. ಗಾಯವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಗೆ ಕುಡಿದವರು ಚೆನ್ನಾಗಿಯೇ ಇದ್ದೇವೆ ಎಂದರೂ ವೈದ್ಯರಿಗೆ ತೋರಿಸುವುದು ಒಳಿತು.

ಬೆಂಕಿ ಆರಿದ ಮೇಲೆ: ವಿಮೆ ಮತ್ತು ಆರ್‌ಸಿ

ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ನೋಡಬೇಡಿ, ತೊಳೆಯಬೇಡಿ, ಗ್ಯಾರೇಜಿಗೆ ಎಳೆಸಬೇಡಿ. ಅಧಿಕಾರಿಗಳು ಸ್ಥಳಾಂತರಿಸಲು ಹೇಳದಿದ್ದರೆ ವಿಮಾ ಸರ್ವೇಯರ್ ನೋಡುವವರೆಗೆ ಅದು ಇದ್ದಂತೆಯೇ ಇರಲಿ. ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ವಿಮಾ ಕಂಪನಿಗೆ ತಕ್ಷಣ ತಿಳಿಸಿ. ಅಗ್ನಿಶಾಮಕ ದಳದ ವರದಿ ಕೇಳಿ ಪಡೆಯಿರಿ, ಪೊಲೀಸ್ ಠಾಣೆಯಲ್ಲೂ ಮಾಹಿತಿ ದಾಖಲಿಸಿ.

ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲಿ ಬೆಂಕಿ, ಸ್ಫೋಟ ಮತ್ತು ತಾನಾಗಿ ಹೊತ್ತಿಕೊಂಡ ಬೆಂಕಿಯಿಂದಾದ ನಷ್ಟಕ್ಕೆ ಪರಿಹಾರವಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಕಾರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಹಣ ಉಳಿಸಲು ಹಳೆಯ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಸಾಕು ಎನ್ನುವವರು ಇದನ್ನು ಗಮನಿಸಬೇಕು, ಏಕೆಂದರೆ ಪೈಪು, ವೈರು ಸವೆದಿರುವುದು ಹಳೆಯ ಕಾರುಗಳಲ್ಲೇ. ದುರಸ್ತಿ ವೆಚ್ಚ ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿಯ ಶೇ. 75ನ್ನು ಮೀರಿದರೆ ಪೂರ್ಣ ನಷ್ಟ ಎಂದು ಪರಿಗಣಿಸಲಾಗುತ್ತದೆ. ಆರ್‌ಸಿ ಮತ್ತು ಪಾಲಿಸಿಯಲ್ಲಿ ನಮೂದಾಗದ ಸಿಎನ್‌ಜಿ ಕಿಟ್ ಇದ್ದರೆ ಕ್ಲೇಮ್ ತಿರಸ್ಕೃತವಾಗಬಹುದು. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ವಿಮಾ ನಿಯಂತ್ರಕ ಐಆರ್‌ಡಿಎಐನ ಸಹಾಯವಾಣಿ 155255 ಇದೆ.

ಕಾರು ಬಳಸಲಾಗದಷ್ಟು ಸುಟ್ಟಿದ್ದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ವಾಹನ ನಾಶವಾದರೆ ಮಾಲೀಕರು 14 ದಿನಗಳಲ್ಲಿ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಕೆಎ ನಂಬರಿನ ಕಾರನ್ನು ಪುಣೆಯಲ್ಲೋ ಚೆನ್ನೈಯಲ್ಲೋ ಇಟ್ಟುಕೊಂಡಿರುವವರು ಅದಕ್ಕಾಗಿ ಊರಿಗೆ ಓಡಬೇಕಿಲ್ಲ. ಕಾರು ಸಾಮಾನ್ಯವಾಗಿ ಎಲ್ಲಿರುತ್ತದೋ ಅಲ್ಲಿನ ಆರ್‌ಟಿಒಗೆ ವರದಿ ಕೊಡಬೇಕು, ಅವರು ಅದನ್ನು ಮೂಲ ಕಚೇರಿಗೆ ಕಳಿಸುತ್ತಾರೆ. ಇದನ್ನು ಮಾಡದೆ ಬಿಟ್ಟರೆ ಇಲ್ಲದ ಕಾರು ದಾಖಲೆಯಲ್ಲಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಬೆಂಕಿ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಇಲಿಗಳು ಮೊದಲ ಶತ್ರು. ಬೆಚ್ಚಗಿನ ಎಂಜಿನ್ ಭಾಗದಲ್ಲಿ ಸೇರಿಕೊಂಡು ವೈರು, ಇಂಧನದ ಪೈಪು ಕಡಿಯುತ್ತವೆ. ವಾರಗಟ್ಟಲೆ ನಿಂತ ಕಾರನ್ನು ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ತೆರೆದು ಹಿಕ್ಕೆ, ಕಡಿದ ಚೂರು, ಒಣಎಲೆ, ಹತ್ತಿ ಇದೆಯೇ ನೋಡಿ. ಇಲಿ ಓಡಿಸಲು ತಂಬಾಕು ಎಲೆ, ನುಸಿಗುಳಿಗೆ ಇಡುವ ಅಭ್ಯಾಸ ಹಲವರಿಗಿದೆ. ಇವೂ ಉರಿಯುವ ವಸ್ತುಗಳೇ ಎಂಬುದನ್ನು ಮರೆಯಬಾರದು. ಒರೆಸಿದ ಬಟ್ಟೆಯನ್ನು ಬಾನೆಟ್ಟಿನೊಳಗೆ ಮರೆತು ಮುಚ್ಚುವುದೂ ಅಷ್ಟೇ ಅಪಾಯ.

ಹೊರಗಿನಿಂದ ಹಾಕಿಸುವ ಲೈಟು, ಹಾರ್ನು, ಸ್ಟೀರಿಯೊಗಳ ಬಗ್ಗೆ ಎಚ್ಚರವಿರಲಿ. ಕಂಪನಿಯ ಹೆಡ್‌ಲೈಟ್ ವೈರಿಂಗ್ 60/55 ವ್ಯಾಟಿನ ಬಲ್ಬಿಗೆಂದು ಮಾಡಿದ್ದರೆ, ರಿಲೇ ಇಲ್ಲದೆ 100/90 ವ್ಯಾಟಿನ ಬಲ್ಬ್ ಹಾಕಿದಾಗ ವೈರು ಕಾದು ಹೊದಿಕೆ ಕರಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಿಸುವುದು ಪರಿಹಾರವಲ್ಲ, ಅದು ಎಚ್ಚರಿಕೆಯ ಗಂಟೆ. ಕಾರಿನಡಿ ಎಣ್ಣೆಯ ಕಲೆ, ಪೆಟ್ರೋಲ್ ವಾಸನೆ, ಏರುವ ಟೆಂಪರೇಚರ್ ಮುಳ್ಳು, ಸಡಿಲ ಬ್ಯಾಟರಿ ಟರ್ಮಿನಲ್ ಕಂಡರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ. ನಿಮ್ಮ ಕಾರಿನ ಮಾದರಿಗೆ ಕಂಪನಿ ರೀಕಾಲ್ ಪ್ರಕಟಿಸಿದೆಯೇ ಎಂದು ಚಾಸಿ ನಂಬರ್ ಹಾಕಿ ಕಂಪನಿಯ ಜಾಲತಾಣದಲ್ಲಿ ನೋಡಿ, ಆ ದುರಸ್ತಿ ಉಚಿತ.

ಆಯುಧಪೂಜೆಯ ದಿನವೂ ಜೋಪಾನ. ತೆರೆದ ಬಾನೆಟ್ಟಿನ ಮೇಲೆ ಕರ್ಪೂರದಾರತಿ ಬೆಳಗುವುದು ಬೇಡ. ಗ್ರಿಲ್ಲಿಗೆ ಕಟ್ಟಿದ ಹಾರ, ಮಾವಿನೆಲೆ ಒಣಗುವ ಮುನ್ನ ಬಿಚ್ಚಿ ತೆಗೆಯಿರಿ.

ಕಾರಿನ ಅಗ್ನಿಶಾಮಕ ಸಾಧನವನ್ನು ಡಿಕ್ಕಿಯಲ್ಲಿಡದೆ ಮುಂದಿನ ಪ್ರಯಾಣಿಕರ ಸೀಟಿನ ಬಳಿ ಅಲುಗಾಡದಂತೆ ಕಟ್ಟಿಡಿ. ಮನೆಗೆ ನಾಲ್ಕು ಅಥವಾ ಆರು ಕೆ.ಜಿ.ಯದೊಂದು ಇರಲಿ, ಅದು ಕಾರಿನ ಪಕ್ಕದಲ್ಲಲ್ಲ, ಮನೆಯ ಬಾಗಿಲ ಬಳಿ ಇರಬೇಕು. ತಿಂಗಳಿಗೊಮ್ಮೆ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ನೋಡಿ. 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. ಬಿಸಿಲು ಏರುವ ಕಾಲವೂ ಅದೇ. ಮನೆಮಂದಿಯೆಲ್ಲ ಆ ದಿನ ಒಮ್ಮೆ ಕೆಳಗಿಳಿದು, ಸಾಧನ ಎಲ್ಲಿದೆ, ಪಿನ್ ಹೇಗೆ ಎಳೆಯಬೇಕು, ಯಾವ ಬಾಗಿಲಿನಿಂದ ಹೊರಹೋಗಬೇಕು ಎಂದು ನೋಡಿಕೊಂಡರೆ ಸಾಕು. ಕಾರು ಸುಟ್ಟರೆ ಇನ್ನೊಂದು ಕೊಳ್ಳಬಹುದು. ಅದರ ಬಳಿ ನಿಂತವರನ್ನು ಮತ್ತೆ ತರಲಾಗದು.